ಸಿಎಂಎಲ್ ಮಾತ್ರೆ ನಡೆಯುವಾಗ ಸಿಬಿಸಿ ವರದಿ ಓದುವ ಬಗೆ

ಅಮ್ಮನಿಗೆ ಸಿಎಂಎಲ್, ಅಂದರೆ ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್, ಇದೆ ಎಂದು ಗೊತ್ತಾದ ದಿನ ಸಿಬಿಸಿಯಲ್ಲಿ (ರಕ್ತಕಣಗಳನ್ನು ಎಣಿಸುವ ಪರೀಕ್ಷೆ) ಬಿಳಿ ರಕ್ತಕಣಗಳ ಸಂಖ್ಯೆ 1,86,000 ಇತ್ತು. ಇಮ್ಯಾಟಿನಿಬ್ ಮಾತ್ರೆ ಶುರುವಾಗಿ ಐದನೇ ವಾರಕ್ಕೆ ಅದು 3,100ಕ್ಕೆ ಇಳಿಯಿತು. ಮೊದಲ ವರದಿ ನೋಡಿ ಅತ್ತಿದ್ದ ನಾವು ಎರಡನೆಯದನ್ನು ನೋಡಿ ಇನ್ನೂ ಹೆಚ್ಚು ಹೆದರಿದೆವು. ಆ ಅಂಕಿಯ ಪಕ್ಕ ‘ಕಡಿಮೆ’ ಎಂಬ ಗುರುತಿತ್ತು. ಪ್ಲೇಟ್‌ಲೆಟ್ ಪಕ್ಕವೂ ಅದೇ, ಹಿಮೋಗ್ಲೋಬಿನ್ ಪಕ್ಕವೂ ಅದೇ. ಡಾಕ್ಟರು ಹಾಳೆಯನ್ನು ಅರ್ಧ ನಿಮಿಷ ನೋಡಿ, “ಚೆನ್ನಾಗೇ ಇದೆಯಲ್ಲಮ್ಮ, ಮಾತ್ರೆ ಮುಂದುವರಿಸಿ” ಅಂದರು. ಆ ಅರ್ಧ ನಿಮಿಷದಲ್ಲಿ ಅವರ ಕಣ್ಣು ಯಾವ ಯಾವ ಸಾಲಿನ ಮೇಲೆ ಹೋಯಿತು ಎಂದು ಕಲಿಯಲು ನನಗೆ ಸುಮಾರು ಒಂದು ವರ್ಷ ಹಿಡಿಯಿತು. ಹೊಸದಾಗಿ ಈ ದಾರಿಗೆ ಬಂದವರಿಗೆ ಅಷ್ಟು ದಿನ ಹಿಡಿಯಬಾರದು ಎಂದು ಇದನ್ನು ಬರೆಯುತ್ತಿದ್ದೇನೆ.

ಇಲ್ಲಿ ಹೇಳುವುದು ಸಿಎಂಎಲ್‌ನ ಮೊದಲ ಹಂತದಲ್ಲಿರುವ, ದಿನಕ್ಕೆ 400 ಮಿಲಿಗ್ರಾಂ ಇಮ್ಯಾಟಿನಿಬ್ ತೆಗೆದುಕೊಳ್ಳುವ ದೊಡ್ಡವರಿಗೆ ಅನ್ವಯಿಸುತ್ತದೆ. ರೋಗ ಮುಂದಿನ ಹಂತಕ್ಕೆ ಹೋಗಿದ್ದರೆ ಅಥವಾ ಬೇರೆ ಮಾತ್ರೆ ನಡೆಯುತ್ತಿದ್ದರೆ ಲೆಕ್ಕ ಬದಲಾಗುತ್ತದೆ. ಡೋಸ್ ಇಳಿಸುವುದು, ನಿಲ್ಲಿಸುವುದು, ಮತ್ತೆ ಶುರು ಮಾಡುವುದು ಎಲ್ಲವೂ ನಿಮ್ಮ ಡಾಕ್ಟರ ತೀರ್ಮಾನ. ವರದಿ ಓದಲು ಬಂದರೆ ಅವರ ಹತ್ತಿರ ಸರಿಯಾದ ಪ್ರಶ್ನೆ ಕೇಳಬಹುದು, ರಾತ್ರಿ ಯಾವಾಗ ಆಸ್ಪತ್ರೆಗೆ ಓಡಬೇಕು ಎಂಬುದು ತಿಳಿಯುತ್ತದೆ.

ಮಾತ್ರೆ ಒಳಗೆ ಮಾಡುವ ಕೆಲಸ

ರಕ್ತಕಣಗಳು ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಸಿಎಂಎಲ್‌ನಲ್ಲಿ ಮಜ್ಜೆಯ ಒಂದು ಮೂಲಕೋಶದಲ್ಲಿ 9 ಮತ್ತು 22ನೇ ವರ್ಣತಂತುಗಳ ತುಂಡುಗಳು ಅದಲುಬದಲಾಗಿ, ಬಿಸಿಆರ್-ಎಬಿಎಲ್ ಎಂಬ ಹೊಸ ಜೀನ್ ಹುಟ್ಟಿಕೊಳ್ಳುತ್ತದೆ. ಅದು ‘ಹೆಚ್ಚು, ಇನ್ನೂ ಹೆಚ್ಚು’ ಎಂದು ಬಿಳಿ ಕಣಗಳ ತಯಾರಿಗೆ ಆಜ್ಞೆ ಕೊಡುತ್ತಲೇ ಇರುತ್ತದೆ. ಇದು ಅಪ್ಪ-ಅಮ್ಮನಿಂದ ಬರುವುದಲ್ಲ, ಮಕ್ಕಳಿಗೆ ದಾಟುವುದೂ ಇಲ್ಲ. ಹೀಗೆ ತುಂಡಾಗಿ ಚಿಕ್ಕದಾದ 22ನೇ ವರ್ಣತಂತುವನ್ನು 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫೋರ್ಡ್ ಕಂಡರು. ಅದು ಅದಲುಬದಲಿನಿಂದ ಆದದ್ದು ಎಂದು 1973ರಲ್ಲಿ ಜಾನೆಟ್ ರೌಲಿ ತೋರಿಸಿಕೊಟ್ಟರು. ಆ ಆಜ್ಞೆಯ ಬಾಯಿ ಕಟ್ಟುವ ಇಮ್ಯಾಟಿನಿಬ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2001ರಲ್ಲಿ. ಅದರ ಒಂದು ರೂಪಕ್ಕೆ ನೋವಾರ್ಟಿಸ್ ಕೇಳಿದ್ದ ಪೇಟೆಂಟನ್ನು ನಮ್ಮ ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ನಿರಾಕರಿಸಿದ್ದರಿಂದ ಬೇರೆ ಕಂಪನಿಗಳ ಅಗ್ಗದ ಮಾತ್ರೆ ಇಲ್ಲಿ ಉಳಿಯಿತು. ಆ ತೀರ್ಪನ್ನು ನೆನೆಯದೆ ನನಗೆ ಈ ಮಾತ್ರೆಯ ವಿಷಯ ಬರೆಯಲಾಗದು.

ಈಗ ಐದನೇ ವಾರದ ಆ ಇಳಿತಕ್ಕೆ ಬರುತ್ತೇನೆ. ರೋಗ ಗೊತ್ತಾಗುವ ಹೊತ್ತಿಗೆ ಮಜ್ಜೆಯ ತುಂಬ ರೋಗದ ಕಣಗಳೇ ಕೂತಿರುತ್ತವೆ. ಬಿಳಿ ಕಣ, ಪ್ಲೇಟ್‌ಲೆಟ್ ಹೆಚ್ಚಿನವನ್ನು ತಯಾರಿಸುತ್ತಿರುವುದೂ ಅವೇ. ಒಳ್ಳೆಯ ಮೂಲಕೋಶಗಳು ಮೂಲೆ ಸೇರಿರುತ್ತವೆ. ಮಾತ್ರೆ ರೋಗದ ಕಣಗಳನ್ನು ಬೇಗ ಬೇಗ ತೆರವು ಮಾಡುತ್ತದೆ, ಆದರೆ ಒಳ್ಳೆಯವು ಎದ್ದು ಕೆಲಸಕ್ಕೆ ನಿಲ್ಲಲು ವಾರಗಳು ಬೇಕು. ಆ ನಡುವಿನ ಖಾಲಿ ಕಾಲವೇ ವರದಿಯಲ್ಲಿ ‘ಕಡಿಮೆ, ಕಡಿಮೆ, ಕಡಿಮೆ’ ಎಂದು ಕಾಣುವುದು. ಮೊದಲ ಎರಡು-ಮೂರು ತಿಂಗಳು ಇದು ತೀರಾ ಸಾಮಾನ್ಯ. ಹಾಗೆಂದು ಎಷ್ಟು ಇಳಿದರೂ ಸುಮ್ಮನಿರಬಹುದು ಅಂತಲ್ಲ. ಅದಕ್ಕೊಂದು ಗಡಿ ಇದೆ, ಮುಂದೆ ಹೇಳುತ್ತೇನೆ.

ಹೆಜ್ಜೆ 1: ಒಂದು ಲ್ಯಾಬ್, ಒಂದು ನೋಟ್‌ಬುಕ್

ಸಾಧ್ಯವಾದಷ್ಟೂ ಒಂದೇ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ. ಮನೆಗೆ ಬಂದ ಕೂಡಲೇ ಅಂಕಿಗಳನ್ನು ನೋಟ್‌ಬುಕ್ಕಿಗೆ ಇಳಿಸಿ. ಬಿಡಿ ಹಾಳೆಗಳ ಫೈಲು ಎಷ್ಟು ದಪ್ಪಗಿದ್ದರೂ, ಏರಿಳಿತ ಕಾಣುವುದು ಒಂದರ ಕೆಳಗೊಂದು ಬರೆದಾಗಲೇ. ತಾರೀಕು, ಮಾತ್ರೆ ಶುರುವಾಗಿ ಎಷ್ಟನೇ ವಾರ, ಒಟ್ಟು ಬಿಳಿ ಕಣ, ನ್ಯೂಟ್ರೋಫಿಲ್ ಶೇಕಡಾ, ಪ್ಲೇಟ್‌ಲೆಟ್, ಹಿಮೋಗ್ಲೋಬಿನ್, ಬೇಸೋಫಿಲ್, ಎಳೆ ಕಣಗಳೇನಾದರೂ ಇದ್ದರೆ ಅವು. ಕೊನೆಯಲ್ಲಿ ಒಂದು ಅಗಲವಾದ ಜಾಗ ಬಿಡಿ: ಆ ವಾರ ಜ್ವರ ಬಂದಿತ್ತೇ, ಬೇರೆ ಯಾವ ಔಷಧಿ ನುಂಗಿದ್ದರು, ಎಷ್ಟು ಮಾತ್ರೆ ತಪ್ಪಿತು. ಡಾಕ್ಟರು ನಮ್ಮ ನೋಟ್‌ಬುಕ್ಕಿನಲ್ಲಿ ಹೆಚ್ಚು ಹೊತ್ತು ಓದಿದ್ದು ಆ ಕೊನೆಯ ಜಾಗವನ್ನೇ.

ಬರೆಯುವಾಗ ಅಳತೆಯ ಕಡೆ ಗಮನವಿರಲಿ. ಒಂದು ಲ್ಯಾಬ್ ಬಿಳಿ ಕಣ ‘4,200’ ಎಂದು ಅಚ್ಚು ಹಾಕಿದರೆ ಇನ್ನೊಂದು ‘4.2’ ಎನ್ನುತ್ತದೆ; ಎರಡನೆಯದು ಸಾವಿರದ ಲೆಕ್ಕ, ಎರಡೂ ಒಂದೇ. ಪ್ಲೇಟ್‌ಲೆಟ್ ಒಂದು ಕಡೆ ‘1.5 ಲಕ್ಷ’, ಮತ್ತೊಂದು ಕಡೆ ‘1,50,000’, ಇನ್ನೊಂದು ಕಡೆ ಬರೀ ‘150’. ಊರಿನ ಲ್ಯಾಬಿನಿಂದ ಬೆಂಗಳೂರಿನ ಲ್ಯಾಬಿಗೆ ಬದಲಾದ ತಿಂಗಳು ‘150’ ನೋಡಿ ನನ್ನ ಎದೆ ಧಸಕ್ಕೆಂದಿತ್ತು. ನಿಮ್ಮ ಪುಸ್ತಕಕ್ಕೆ ಒಂದೇ ಅಳತೆ ಇಟ್ಟುಕೊಂಡು ಎಲ್ಲವನ್ನೂ ಅದಕ್ಕೇ ತಂದು ಬರೆಯಿರಿ.

ಪರೀಕ್ಷೆ ಎಷ್ಟು ದಿನಕ್ಕೊಮ್ಮೆ? ಸಾಮಾನ್ಯವಾಗಿ ಮೊದಲ ತಿಂಗಳು ವಾರಕ್ಕೊಮ್ಮೆ, ಎರಡನೇ ತಿಂಗಳು ಹದಿನೈದು ದಿನಕ್ಕೊಮ್ಮೆ, ಕೌಂಟ್ ಒಂದು ಹದಕ್ಕೆ ಬಂದ ಮೇಲೆ ಎರಡು-ಮೂರು ತಿಂಗಳಿಗೊಮ್ಮೆ.

ಹೆಜ್ಜೆ 2: ಒಟ್ಟು ಬಿಳಿ ಕಣ ಬಿಟ್ಟು ಎಎನ್‌ಸಿ ಲೆಕ್ಕ ಹಾಕಿ

ವರದಿಯಲ್ಲಿ ಎಲ್ಲರ ಕಣ್ಣೂ ಮೊದಲು ಹೋಗುವುದು ಒಟ್ಟು ಬಿಳಿ ಕಣದ ಮೇಲೆ. ಚಿಕಿತ್ಸೆ ನಡೆಯುವಾಗ ಅದಕ್ಕಿಂತ ಮುಖ್ಯವಾದದ್ದು ಸೋಂಕಿನ ಎದುರು ಮೊದಲು ನಿಲ್ಲುವ ನ್ಯೂಟ್ರೋಫಿಲ್‌ಗಳು ನಿಜವಾಗಿ ಎಷ್ಟಿವೆ ಎಂಬ ಲೆಕ್ಕ. ಅದಕ್ಕೇ ಎಎನ್‌ಸಿ ಎನ್ನುವುದು. ಕೆಲವು ಲ್ಯಾಬ್‌ಗಳು ಅದನ್ನೇ ಬರೆದು ಕೊಡುತ್ತವೆ, ಕೆಲವು ಕೊಡುವುದಿಲ್ಲ. ನಾವೇ ಹಾಕಿಕೊಳ್ಳಬಹುದು: ಒಟ್ಟು ಬಿಳಿ ಕಣವನ್ನು ನ್ಯೂಟ್ರೋಫಿಲ್ ಶೇಕಡಾದಿಂದ ಗುಣಿಸಿ ನೂರರಿಂದ ಭಾಗಿಸಿ. ‘ಬ್ಯಾಂಡ್’ ಎಂದು ಬೇರೆ ಸಾಲಿದ್ದರೆ ಅದರ ಶೇಕಡಾವನ್ನೂ ನ್ಯೂಟ್ರೋಫಿಲ್‌ಗೆ ಕೂಡಿಸಿಕೊಳ್ಳಿ.

ಅಮ್ಮನ ಐದನೇ ವಾರದ ವರದಿಯಲ್ಲಿ ಬಿಳಿ ಕಣ 3,100, ನ್ಯೂಟ್ರೋಫಿಲ್ ಶೇಕಡಾ 48. ಗುಣಿಸಿ ಭಾಗಿಸಿದರೆ 1,488. ಅದೇ 3,100ರಲ್ಲಿ ನ್ಯೂಟ್ರೋಫಿಲ್ ಶೇಕಡಾ 28 ಇದ್ದಿದ್ದರೆ ಎಎನ್‌ಸಿ 868 ಆಗುತ್ತಿತ್ತು. ಒಟ್ಟು ಅಂಕಿ ಎರಡರಲ್ಲೂ ಒಂದೇ, ಆದರೆ ಮೊದಲನೆಯದಕ್ಕೆ ಡಾಕ್ಟರು “ಮುಂದುವರಿಸಿ” ಎನ್ನುತ್ತಾರೆ, ಎರಡನೆಯದಕ್ಕೆ ಮಾತ್ರೆ ನಿಲ್ಲಿಸಲು ಹೇಳುವ ಸಾಧ್ಯತೆಯೇ ಹೆಚ್ಚು. ಈ ಒಂದು ಲೆಕ್ಕ ಕಲಿತ ದಿನ ನನ್ನ ಅರ್ಧ ಹೆದರಿಕೆ ಹೋಯಿತು.

ಇನ್ನು ಆ ಗಡಿ. ಎಎನ್‌ಸಿ 1,000ಕ್ಕಿಂತ ಕೆಳಗೆ ಹೋದರೆ ಅಥವಾ ಪ್ಲೇಟ್‌ಲೆಟ್ 50,000ಕ್ಕಿಂತ ಕೆಳಗೆ ಹೋದರೆ ಡಾಕ್ಟರು ಸಾಮಾನ್ಯವಾಗಿ ಇಮ್ಯಾಟಿನಿಬ್ ಸ್ವಲ್ಪ ದಿನ ತಡೆಹಿಡಿಯುತ್ತಾರೆ. ಎಎನ್‌ಸಿ 1,500, ಪ್ಲೇಟ್‌ಲೆಟ್ 75,000 ಮುಟ್ಟಿದ ಮೇಲೆ ಮತ್ತೆ 400ರಲ್ಲೇ ಶುರು ಮಾಡಿಸುತ್ತಾರೆ. ಎರಡನೇ ಸಲವೂ ಬಿದ್ದರೆ, ಏರಿದ ಮೇಲೆ 300ಕ್ಕೆ ಇಳಿಸಿ ಮುಂದುವರಿಸುವುದುಂಟು. ತಡೆಹಿಡಿದ ವಾರಗಳಲ್ಲಿ ಮನೆಯವರಿಗೆ ‘ಔಷಧಿಯೇ ಇಲ್ಲದೆ ರೋಗ ಏರಿಬಿಟ್ಟರೆ’ ಎಂಬ ತಳಮಳ ಶುರುವಾಗುತ್ತದೆ. ಆ ದಿನಗಳಲ್ಲಿ ವಾರವಾರ ರಕ್ತ ಕೊಟ್ಟು, ಕೌಂಟ್ ಏರಿದ ದಿನವೇ ಫೋನ್ ಮಾಡಿ ತಿಳಿಸುವುದು ನಮ್ಮ ಕೆಲಸ. ಏರಿದ್ದು ಗೊತ್ತಿದ್ದೂ ಮುಂದಿನ ಅಪಾಯಿಂಟ್‌ಮೆಂಟಿನವರೆಗೆ ಸುಮ್ಮನಿದ್ದು ಹತ್ತು ದಿನ ಕಳೆದುಕೊಳ್ಳುವುದು ಬೇಡ.

ಹೆಜ್ಜೆ 3: ಪ್ಲೇಟ್‌ಲೆಟ್ ಮತ್ತು ಹಿಮೋಗ್ಲೋಬಿನ್

ಪ್ಲೇಟ್‌ಲೆಟ್ ಆರೋಗ್ಯವಂತರಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರುತ್ತದೆ. ಒಂದು ಪ್ಲೇಟ್‌ಲೆಟ್ಟಿನ ಆಯುಷ್ಯ ಏಳರಿಂದ ಹತ್ತು ದಿನ, ಹಾಗಾಗಿ ಮಜ್ಜೆ ಸುಸ್ತಾದರೆ ವಾರದೊಳಗೆ ಗೊತ್ತಾಗುತ್ತದೆ, ಚೇತರಿಸಿಕೊಂಡರೂ ಅಷ್ಟೇ ಬೇಗ. ಕೆಂಪು ಕಣದ ಆಯುಷ್ಯ ಸುಮಾರು 120 ದಿನ. ಅದಕ್ಕೇ ಹಿಮೋಗ್ಲೋಬಿನ್ ಇಳಿಯುವುದೂ ನಿಧಾನ, ಏರುವುದು ಇನ್ನೂ ನಿಧಾನ. ಇಮ್ಯಾಟಿನಿಬ್ ತೆಗೆದುಕೊಳ್ಳುವ ಬಹಳ ಜನರಲ್ಲಿ ಹಿಮೋಗ್ಲೋಬಿನ್ ತುಸು ಕಡಿಮೆಯೇ ಉಳಿದುಬಿಡುತ್ತದೆ. 10.8 ಕಂಡ ಕೂಡಲೇ ಅಂಗಡಿಯಿಂದ ಕಬ್ಬಿಣದ ಮಾತ್ರೆ ತರಬೇಡಿ. ಕಬ್ಬಿಣ, ಬಿ12, ಹೆಂಗಸರಾದರೆ ಮುಟ್ಟಿನ ರಕ್ತಸ್ರಾವ, ಇವನ್ನೆಲ್ಲ ನೋಡಿ ಡಾಕ್ಟರು ಹೇಳಲಿ.

ಒಂದು ಸಲ ನಮಗಾದದ್ದನ್ನು ಹೇಳಬೇಕು. ಎಲ್ಲ ಸರಿಯಾಗಿ ನಡೆಯುತ್ತಿದ್ದ ಒಂಬತ್ತನೇ ತಿಂಗಳಲ್ಲಿ ಒಂದು ಲ್ಯಾಬ್ ಪ್ಲೇಟ್‌ಲೆಟ್ 41,000 ಎಂದು ಕೊಟ್ಟಿತು. ಬಿಳಿ ಕಣ, ಹಿಮೋಗ್ಲೋಬಿನ್ ಎರಡೂ ಹಿಂದಿನಂತೆಯೇ ಇದ್ದವು, ಮೈಮೇಲೆ ಒಂದು ಚುಕ್ಕೆಯೂ ಇಲ್ಲ. ಡಾಕ್ಟರು ರಕ್ತದ ಹನಿಯನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿಸಿದರು. ನೇರಳೆ ಮುಚ್ಚಳದ ಟ್ಯೂಬಿನೊಳಗಿನ ಇಡಿಟಿಎ ಎಂಬ ರಾಸಾಯನಿಕಕ್ಕೆ ಕೆಲವರ ರಕ್ತದಲ್ಲಿ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿ ಗುಂಪಾಗುತ್ತವೆ. ಯಂತ್ರ ಗುಂಪನ್ನು ಪ್ಲೇಟ್‌ಲೆಟ್ ಎಂದು ಎಣಿಸುವುದಿಲ್ಲ. ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ತೆಗೆದಾಗ 1,38,000 ಬಂತು. ಬೇರೆಲ್ಲ ಸರಿಯಿದ್ದು ಪ್ಲೇಟ್‌ಲೆಟ್ ಮಾತ್ರ ದಿಢೀರನೆ ಪಾತಾಳಕ್ಕೆ ಹೋಗಿದ್ದರೆ, “ಸ್ಮಿಯರ್ ನೋಡಿದ್ರಾ ಸರ್, ಕ್ಲಂಪ್ ಏನಾದ್ರೂ ಇದೆಯಾ?” ಎಂದು ಕೇಳಿ. ಉತ್ತರ ಬರುವವರೆಗೆ ಮಾತ್ರ ನಿಜವಾಗಿಯೂ ಕಡಿಮೆ ಇದೆ ಎಂದುಕೊಂಡೇ ಜಾಗ್ರತೆ ಮಾಡಬೇಕು.

ಹೆಜ್ಜೆ 4: ಬಿಳಿ ಕಣಗಳ ವಿಂಗಡಣೆಯ ಕೆಳಗಿನ ಸಾಲುಗಳು

ನ್ಯೂಟ್ರೋಫಿಲ್, ಲಿಂಫೋಸೈಟ್ ಆದಮೇಲೆ ಬರುವ ಸಣ್ಣ ಸಣ್ಣ ಅಂಕಿಗಳನ್ನು ಯಾರೂ ಓದುವುದಿಲ್ಲ. ಸಿಎಂಎಲ್‌ನಲ್ಲಿ ಅವೇ ಬಹಳ ಹೇಳುತ್ತವೆ. ಬೇಸೋಫಿಲ್ ಎಷ್ಟು? ಮೈಲೋಸೈಟ್, ಪ್ರೋಮೈಲೋಸೈಟ್, ಬ್ಲಾಸ್ಟ್ ಎಂಬ ಎಳೆ ಕಣಗಳು ಕಂಡಿವೆಯೇ? ರೋಗ ಗೊತ್ತಾದ ದಿನದ ವರದಿಯಲ್ಲಿ ಇವೆಲ್ಲ ಇದ್ದೇ ಇರುತ್ತವೆ. ಒಂದೆರಡು ಶೇಕಡಾ ಬ್ಲಾಸ್ಟ್ ಮೊದಲ ಹಂತದ ಸಿಎಂಎಲ್‌ನಲ್ಲೂ ಸಾಮಾನ್ಯ. ಮಾತ್ರೆ ಶುರುವಾಗಿ ಮೂರು ತಿಂಗಳೊಳಗೆ ರಕ್ತ ಹೀಗಾಗಬೇಕೆಂದು ಡಾಕ್ಟರು ಎದುರುನೋಡುತ್ತಾರೆ: ಬಿಳಿ ಕಣ 10,000ದ ಒಳಗೆ, ಪ್ಲೇಟ್‌ಲೆಟ್ ನಾಲ್ಕೂವರೆ ಲಕ್ಷದ ಒಳಗೆ, ಬೇಸೋಫಿಲ್ ಶೇಕಡಾ 5ರ ಒಳಗೆ, ಎಳೆ ಕಣಗಳು ಇಲ್ಲವೇ ಇಲ್ಲ, ಹೊಟ್ಟೆಯ ಎಡಗಡೆ ಗುಲ್ಮ (ಸ್ಪ್ಲೀನ್) ಒತ್ತಿ ನೋಡಿದರೆ ಕೈಗೆ ಸಿಗುವುದಿಲ್ಲ.

ಹೀಗೆ ಹದಕ್ಕೆ ಬಂದ ರಕ್ತದಲ್ಲಿ ಎಳೆ ಕಣ ಮತ್ತೆ ಕಂಡರೆ, ಬೇಸೋಫಿಲ್ ಒಂದು ವರದಿಯಿಂದ ಇನ್ನೊಂದಕ್ಕೆ ಏರುತ್ತಿದ್ದರೆ, ಮುಂದಿನ ತಾರೀಕಿಗೆ ಕಾಯದೆ ತಿಳಿಸಿ. ಆದರೆ ಶೀತ-ಕೆಮ್ಮು ಇದ್ದ ವಾರ ಬಿಳಿ ಕಣ 13,000 ಆಗಿ, ಏರಿದ್ದೆಲ್ಲ ನ್ಯೂಟ್ರೋಫಿಲ್ ಆಗಿದ್ದರೆ ರೋಗವೇ ಮರಳಿತು ಎಂದು ಕುಸಿಯಬೇಡಿ. ಸೋಂಕಿಗೂ ಏರುತ್ತದೆ, ಸ್ಟೀರಾಯ್ಡ್ ತೆಗೆದುಕೊಂಡಿದ್ದರೂ ಏರುತ್ತದೆ. ನ್ಯೂಟ್ರೋಫಿಲ್ ಏರಿಸುವ ಇಂಜೆಕ್ಷನ್ ಕೊಟ್ಟಿದ್ದರಂತೂ ಎಳೆ ಕಣಗಳೂ ಕಾಣಬಹುದು. ಡಾಕ್ಟರಿಗೆ ಹೇಳಿ, ಅವರು ಹೇಳಿದಷ್ಟು ದಿನ ಬಿಟ್ಟು ಮತ್ತೆ ಪರೀಕ್ಷಿಸಿದರೆ ಗೊತ್ತಾಗುತ್ತದೆ.

ಹೆಜ್ಜೆ 5: ಕೌಂಟ್ ಕಡಿಮೆ ಇರುವ ದಿನಗಳು

ಎಎನ್‌ಸಿ 1,000ದ ಕೆಳಗಿದ್ದಾಗ ಮನೆಯಲ್ಲಿ ಥರ್ಮಾಮೀಟರ್ ಇರಲೇಬೇಕು. 100.4 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿದರೆ ಅದು ಅವತ್ತೇ, ಆ ರಾತ್ರಿಯೇ ಆಸ್ಪತ್ರೆಗೆ ಹೋಗುವ ಜ್ವರ. ಎಎನ್‌ಸಿ 500ರ ಕೆಳಗಿದ್ದರೆ ಒಂದು ಗಂಟೆಯೂ ತಡ ಮಾಡಬಾರದು. ಪ್ಯಾರಾಸಿಟಮಾಲ್ ನುಂಗಿ ಬೆಳಗ್ಗೆ ನೋಡೋಣ ಎಂದು ಮಲಗಿದರೆ ಜ್ವರ ಇಳಿದಂತೆ ಕಾಣುತ್ತದೆ, ಸೋಂಕು ಒಳಗೆ ಹರಡುತ್ತಲೇ ಇರುತ್ತದೆ. ಎಮರ್ಜೆನ್ಸಿಯಲ್ಲಿ ಕೂತ ಡ್ಯೂಟಿ ಡಾಕ್ಟರಿಗೆ ನಿಮ್ಮ ಕಥೆ ಗೊತ್ತಿರುವುದಿಲ್ಲ. ಬಾಗಿಲಲ್ಲೇ ಹೀಗೆ ಹೇಳಿ: “ಸಿಎಂಎಲ್ ಇದೆ ಸರ್, ಇಮ್ಯಾಟಿನಿಬ್ ನಡೀತಿದೆ, ಸೋಮವಾರ ಎಎನ್‌ಸಿ 700 ಇತ್ತು, ಈಗ ಜ್ವರ 101.” ನಾನು ಇದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿಟ್ಟಿದ್ದೇನೆ. ಗಾಬರಿಯಲ್ಲಿ ನನ್ನ ಬಾಯಿ ಹೊರಡದಿದ್ದರೂ ಪುಟ ತೋರಿಸಬಹುದು.

ಪ್ಲೇಟ್‌ಲೆಟ್ ಕಡಿಮೆ ಇದ್ದಾಗ ದಿನಕ್ಕೊಮ್ಮೆ ಮೊಣಕಾಲ ಕೆಳಗೆ, ಪಾದದ ಸುತ್ತ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆಗಳಿವೆಯೇ ನೋಡಿ. ಒಸಡಿನಲ್ಲಿ ರಕ್ತ, ನಿಲ್ಲದ ಮೂಗಿನ ರಕ್ತ, ಕಪ್ಪಗೆ ಡಾಂಬರಿನಂಥ ಮಲ, ಇದ್ದಕ್ಕಿದ್ದಂತೆ ತೀವ್ರ ತಲೆನೋವು ಕಂಡರೆ ಕಾಯುವಂತಿಲ್ಲ. ಮೃದುವಾದ ಬ್ರಷ್ ಬಳಸಿ. ಮೈಕೈ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಬೇಡ. ಹೃದಯಕ್ಕೆಂದು ಆಸ್ಪಿರಿನ್ ನಡೆಯುತ್ತಿದ್ದರೆ ನೀವಾಗಿ ಬಿಡದೆ ಕೇಳಿ. ಊರಿನ ಕ್ಲಿನಿಕ್ಕಿನಲ್ಲಿ ಸೊಂಟಕ್ಕೆ ಇಂಜೆಕ್ಷನ್ ಹಾಕಲು ಬಂದರೆ ತಡೆದು, “ಪ್ಲೇಟ್‌ಲೆಟ್ ಕಡಿಮೆ ಇದೆ” ಎಂದು ಹೇಳಿ. ಇದನ್ನು ಹೇಳಲು ಸಂಕೋಚಪಡುವ ಹಿರಿಯರು ಬಹಳ. ಅವರ ಜೊತೆ ಯಾರಾದರೂ ಹೋಗಬೇಕು.

ಪಪ್ಪಾಯಿ ಎಲೆ ರಸದ ಬಗ್ಗೆ ಎರಡು ಮಾತು. ಪ್ಲೇಟ್‌ಲೆಟ್ ಕಡಿಮೆ ಎಂದರೆ ನಮ್ಮ ಕಡೆ ಎಲ್ಲರಿಗೂ ಡೆಂಗಿ ನೆನಪಾಗುತ್ತದೆ, ನೆಂಟರು ಎಲೆ ಕೊಯ್ದುಕೊಂಡೇ ಬರುತ್ತಾರೆ. ಪ್ರೀತಿಯಿಂದ ತಂದದ್ದನ್ನು ಬೇಡ ಎನ್ನುವುದು ಕಷ್ಟ. ಆದರೆ ಇಲ್ಲಿ ಪ್ಲೇಟ್‌ಲೆಟ್ ಇಳಿದಿರುವ ಕಾರಣವೇ ಬೇರೆ, ಮಜ್ಜೆಗೆ ಬೇಕಿರುವುದು ಸಮಯ. ಅಮೃತಬಳ್ಳಿ ಕಷಾಯದಿಂದ ಯಕೃತ್ತು ಕೆಟ್ಟ ಪ್ರಕರಣಗಳು ವೈದ್ಯಕೀಯ ವರದಿಗಳಲ್ಲಿವೆ, ಇಮ್ಯಾಟಿನಿಬ್ ಕೂಡ ಯಕೃತ್ತಿನ ಮೂಲಕವೇ ಹೋಗಬೇಕು. ಡಾಕ್ಟರಿಗೆ ಹೇಳದೆ ಯಾವ ಕಷಾಯವನ್ನೂ ಕೊಡಬೇಡಿ.

ಹೆಜ್ಜೆ 6: ಸಿಬಿಸಿ ಹೇಳಲಾರದ್ದನ್ನು ಪಿಸಿಆರ್‌ಗೆ ಕೇಳಿ

ಮೂರನೇ ತಿಂಗಳಲ್ಲಿ ಸಿಬಿಸಿಯ ಎಲ್ಲ ಸಾಲುಗಳೂ ಸರಿಯಾದಾಗ ಮನೆಯಲ್ಲಿ ಪಾಯಸ ಮಾಡಿದ್ದೆವು. ಮಾಡಲಿ, ಅದು ಸಂತೋಷಪಡುವ ದಿನವೇ. ಆದರೆ ಗರಿಕೆ ಕಿತ್ತ ಹೊಲ ಮೇಲೆ ಹಸನಾಗಿ ಕಂಡರೂ ಬೇರು ಒಳಗಿರುವಂತೆ, ಸಿಬಿಸಿ ನಾರ್ಮಲ್ ಇದ್ದಾಗಲೂ ರೋಗದ ಕಣಗಳು ಇನ್ನೂ ಎಷ್ಟೋ ಇರುತ್ತವೆ. ಅವುಗಳ ಲೆಕ್ಕ ಕೊಡುವುದು ಬಿಸಿಆರ್-ಎಬಿಎಲ್ ಪಿಸಿಆರ್ ಎಂಬ ಇನ್ನೊಂದು ರಕ್ತಪರೀಕ್ಷೆ. ಮಜ್ಜೆ ಮಾತ್ರೆಯನ್ನು ಹೇಗೆ ತಡೆದುಕೊಳ್ಳುತ್ತಿದೆ ಎಂದು ಸಿಬಿಸಿ ತಿಳಿಸಿದರೆ, ರೋಗ ಎಷ್ಟು ಇಳಿದಿದೆ ಎಂದು ತಿಳಿಸುವುದು ಪಿಸಿಆರ್. ಇದನ್ನು ಶುರುವಿನಲ್ಲಿ ಮೂರು ತಿಂಗಳಿಗೊಮ್ಮೆ ಮಾಡಿಸುತ್ತಾರೆ.

ವರದಿಯಲ್ಲಿ ‘ಐಎಸ್’, ಅಂದರೆ ಅಂತರರಾಷ್ಟ್ರೀಯ ಅಳತೆ, ಎಂದು ಬರೆದ ಶೇಕಡಾವನ್ನೇ ನೋಡಿ. ಮೂರನೇ ತಿಂಗಳಿಗೆ ಶೇಕಡಾ 10 ಅಥವಾ ಕಡಿಮೆ, ಆರನೇ ತಿಂಗಳಿಗೆ 1 ಅಥವಾ ಕಡಿಮೆ, ವರ್ಷಕ್ಕೆ 0.1 ಅಥವಾ ಕಡಿಮೆ, ಇದು ಡಾಕ್ಟರು ಬಯಸುವ ಇಳಿಜಾರು. ಮೂರನೇ ತಿಂಗಳಿಗೆ 12 ಬಂದರೆ ಕೈಚೆಲ್ಲುವಂಥದ್ದೇನೂ ಆಗಿಲ್ಲ. ಶುರುವಿನಲ್ಲಿ ಎಷ್ಟಿತ್ತು, ಎಷ್ಟು ವೇಗದಲ್ಲಿ ಇಳಿದಿದೆ, ಮಾತ್ರೆ ಎಷ್ಟು ದಿನ ನಿಂತಿತ್ತು ಎಂಬುದನ್ನೆಲ್ಲ ಅವರು ಕೂಡಿಸಿ ನೋಡುತ್ತಾರೆ. ಈ ಪರೀಕ್ಷೆಗಂತೂ ಲ್ಯಾಬ್ ಬದಲಿಸಲೇಬೇಡಿ. ಒಂದು ಲ್ಯಾಬಿನ 0.08, ಇನ್ನೊಂದರ 0.15 ಪಕ್ಕಪಕ್ಕ ಇಟ್ಟು ಏರಿತೋ ಇಳಿಯಿತೋ ಎಂದು ಹೇಳಲಾಗದು.

ಹೆಜ್ಜೆ 7: ಮಾತ್ರೆಯ ಡಬ್ಬಿಯನ್ನೂ ಎಣಿಸಿ

ಕೌಂಟ್ ಏಕೆ ಹೀಗಾಯಿತು ಎಂದು ಹುಡುಕುವಾಗ ಮೊದಲು ನೋಡಬೇಕಾದದ್ದು ಡಬ್ಬಿ. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ಡಾಕ್ಟರುಗಳು 87 ಸಿಎಂಎಲ್ ರೋಗಿಗಳ ಮಾತ್ರೆ ಡಬ್ಬಿಯ ಮುಚ್ಚಳದಲ್ಲಿ ಎಣಿಸುವ ಸಾಧನ ಇಟ್ಟು ಮೂರು ತಿಂಗಳು ಗಮನಿಸಿ, 2010ರಲ್ಲಿ ಪ್ರಕಟಿಸಿದರು. ಶೇಕಡಾ 90ಕ್ಕಿಂತ ಹೆಚ್ಚು ಮಾತ್ರೆ ತಪ್ಪದೆ ತೆಗೆದುಕೊಂಡವರಿಗೂ ಉಳಿದವರಿಗೂ ಪಿಸಿಆರ್ ಫಲಿತಾಂಶದಲ್ಲಿ ಅಜಗಜಾಂತರವಿತ್ತು. ಶೇಕಡಾ 90 ಎಂದರೆ ತಿಂಗಳಿಗೆ ಮೂರು ಮಾತ್ರೆ ತಪ್ಪಿದಂತೆ, ಅಷ್ಟೇ. ಮದುವೆ, ಜಾತ್ರೆ, ಬಸ್ ಪ್ರಯಾಣ ಎಂದು ಮೂರು ಎಷ್ಟು ಸುಲಭವಾಗಿ ಆಗಿಬಿಡುತ್ತದೆ ಯೋಚಿಸಿ. ಊಟದ ಜೊತೆ, ದೊಡ್ಡ ಲೋಟದ ತುಂಬ ನೀರಿನೊಂದಿಗೆ ನುಂಗಬೇಕು; ಆಗ ವಾಕರಿಕೆ ಕಡಿಮೆ. ಒಂದು ದಿನ ಮರೆತರೆ ಮರುದಿನ ಎರಡು ನುಂಗಬಾರದು. ಕಣ್ಣಿನ ಸುತ್ತ ಊತ, ರಾತ್ರಿ ಮೀನಖಂಡದ ಸೆಳೆತ ಎಂದು ಗುಟ್ಟಾಗಿ ಬಿಡುವವರಿದ್ದಾರೆ. ಇವೆರಡಕ್ಕೂ ಡಾಕ್ಟರ ಹತ್ತಿರ ದಾರಿ ಇದೆ, ಹೇಳಬೇಕು. ಮಕ್ಕಳು ಬೇಕೆಂದುಕೊಂಡ ಹೆಣ್ಣುಮಕ್ಕಳು ಗರ್ಭಿಣಿಯಾಗುವ ಮೊದಲೇ ಹೇಳಬೇಕು, ಗರ್ಭದಲ್ಲಿರುವ ಮಗುವಿಗೆ ಈ ಮಾತ್ರೆ ಆಗದು.

ಬೇರೆ ಔಷಧಿಗಳಲ್ಲಿ ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್ ಇಮ್ಯಾಟಿನಿಬ್‌ನ ಬಲ ತಗ್ಗಿಸುತ್ತವೆ. ಕೆಲವು ಫಂಗಸ್ ಮಾತ್ರೆಗಳು ಅದನ್ನು ರಕ್ತದಲ್ಲಿ ಏರಿಸುತ್ತವೆ. ಹಣ್ಣುಗಳಲ್ಲಿ ಒಂದು ಗೊಂದಲ ನಮ್ಮ ಕಡೆ ಎಲ್ಲೆಲ್ಲೂ ಕಾಣುತ್ತೇನೆ. ‘ಗ್ರೇಪ್‌ಫ್ರೂಟ್ ತಿನ್ನಬೇಡಿ’ ಎಂದದ್ದನ್ನು ದ್ರಾಕ್ಷಿ ಎಂದು ತಿಳಿದು, ವರ್ಷಗಟ್ಟಲೆ ದ್ರಾಕ್ಷಿ ಬಿಟ್ಟು ಕೂತವರಿದ್ದಾರೆ. ಗ್ರೇಪ್‌ಫ್ರೂಟ್ ಕಿತ್ತಳೆ ಜಾತಿಯ ಹಣ್ಣು, ನಮ್ಮ ಚಕ್ಕೋತದ ಹತ್ತಿರದ ಬಂಧು. ದ್ರಾಕ್ಷಿ ತಿನ್ನಬಹುದು. ದೇವನಹಳ್ಳಿ ಚಕ್ಕೋತ ಮನೆಗೆ ಬಂದಾಗ ಮಾತ್ರ ಮಾತ್ರೆ ನುಂಗುವವರಿಗೆ ಕೊಡುವ ಮುನ್ನ ಡಾಕ್ಟರನ್ನು ಕೇಳಿ, ನಾವು ಕೊಡುವುದಿಲ್ಲ.

ಕೊನೆಗೆ ದಾಸ್ತಾನು. ಮಾತ್ರೆ ಮುಗಿದ ಮೇಲೆ ಅಂಗಡಿಗೆ ಹೋದರೆ “ನಾಳೆ ಬರುತ್ತೆ” ಅನ್ನುತ್ತಾರೆ, ಸರ್ಕಾರಿ ಯೋಜನೆಯಲ್ಲಿ ತೆಗೆದುಕೊಳ್ಳುವವರಿಗೆ ಒಂದು ಸಹಿಗಾಗಿ ಎರಡು ದಿನ ಹೋಗಬಹುದು. ಹತ್ತು ಮಾತ್ರೆ ಉಳಿದ ದಿನವೇ ಹೊರಡಬೇಕು. ನಮ್ಮ ಮನೆಯಲ್ಲಿ ಆ ದಿನ ಬಂದಾಗ ಅಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುಂಡಗೆ ಗುರುತು ಹಾಕಿ, ನನಗೆ ಫೋನ್ ಮಾಡುತ್ತಾಳೆ: “ಹತ್ತಕ್ಕೆ ಬಂತು ಕಣೇ. ಬರುವಾಗ ನೋಟ್‌ಬುಕ್ಕೂ ತಗೊಂಡು ಬಾ, ಹೋದ್ಸಲದ ಪ್ಲೇಟ್‌ಲೆಟ್ಟು ಬರೆಯೋದು ಬಿಟ್ಟಿದ್ದೀಯ.”